ಕಂಕುಳಲ್ಲಿ ಎದ್ದ ಗಂಟು ಮೊಲೆಯೇ ಆಗಿರಬಹುದು

(ಮಹಿಳೆಯರ ಆರೋಗ್ಯದ ಬಗ್ಗೆ ನಡೆದ ಸಭೆಯಲ್ಲಿ ಹೆರಿಗೆ ವೈದ್ಯೆಯಾಗಿ ನಾನು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಬ್ಬ ಬಾಣಂತಿಯ ವಿಷಯದಿಂದಲೇ ಶುರು ಮಾಡುತ್ತೇನೆ. ಹೆರಿಗೆಯಾಗಿ ಮೂರನೇ ದಿನ. ಬೆಳಗಿನ ರೌಂಡ್ಸಿಗೆ ಹೋದಾಗ ಆಕೆ ಎರಡೂ ತೋಳುಗಳನ್ನು ಮೈಗೆ ತಾಗದ ಹಾಗೆ ಅಗಲಿಸಿಕೊಂಡು ಕೂತಿದ್ದಳು. "ಏನಮ್ಮಾ, ಕೈ ಯಾಕೆ ಹಾಗಿಟ್ಕೊಂಡಿದ್ದೀಯ?" ಅಂದೆ. ಪಕ್ಕದ ಮಂಚದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಡಾಕ್ಟ್ರೇ, ಕಂಕುಳಲ್ಲಿ ಗಂಟು ಎದ್ದಿದೆ. ಎರಡೂ ಕಡೆ. ಕ್ಯಾನ್ಸರ್ ಅಲ್ಲ ತಾನೇ?" ಅಂದಳು. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಪರದೆ ಎಳೆದು ನೋಡಿದೆ. ಒಂದೊಂದು ಕಂಕುಳಲ್ಲೂ ಮುಷ್ಟಿಯ ಅರ್ಧದಷ್ಟು ಊತ. ಮುಟ್ಟಿದರೆ ಬಿಸಿ, ಬಿಗಿ. ಒಳಗೆ ಕಾಳು ತುಂಬಿದ ಚೀಲದ ಹಾಗೆ ಉಂಡೆಉಂಡೆ. ಚರ್ಮ ಕೆಂಪಾಗಿರಲಿಲ್ಲ, ಜ್ವರವೂ ಇರಲಿಲ್ಲ. ಅಷ್ಟರಲ್ಲಿ ಮಗು ಅತ್ತಿತು. ಎತ್ತಿ ಎದೆಗೆ ಹಾಕಿಕೊಂಡಳು. ಮಗು ನಾಲ್ಕು ಗುಟುಕು ಎಳೆದಿರಬೇಕು, ಅವಳ ಬಲಗಂಕುಳಿನ ಚರ್ಮದ ಮೇಲೆ, ಸೂಜಿಮೊನೆಯಷ್ಟು ಸಣ್ಣ ತೂತಿನಲ್ಲಿ ಒಂದು ಬಿಳಿ ಹನಿ ಮೂಡಿತು. ನೋಡ್ತಾ ನೋಡ್ತಾ ದಪ್ಪವಾಗಿ ಕೆಳಗೆ ಜಾರಿತು. ಇಬ್ಬರೂ ನೋಡುತ್ತಿದ್ದೆವು. "ಇದು ಹಾಲಲ್ವಾ?" ಅಂದಳು.

ಹಾಲೇ. ಅವಳ ಕಂಕುಳಲ್ಲಿ ಎದ್ದಿದ್ದು ರೋಗದ ಗಂಟಲ್ಲ, ಮೊಲೆ. ಸ್ಕ್ಯಾನ್ ರಿಪೋರ್ಟುಗಳಲ್ಲಿ ಇದನ್ನೇ 'ಆಕ್ಸೆಸರಿ ಬ್ರೆಸ್ಟ್ ಟಿಶ್ಯೂ' ಅಂತ ಬರೆದಿರುತ್ತಾರೆ. ಹೆಚ್ಚುವರಿ ಸ್ತನ ಅನ್ನಬಹುದು. ಈ ಹೆಸರನ್ನು ರಿಪೋರ್ಟಿನಲ್ಲಿ ಮೊದಲ ಸಲ ಓದಿ, ಗಾಬರಿಯಿಂದ ಓಡಿ ಬಂದವರನ್ನು ತುಂಬ ನೋಡಿದ್ದೇನೆ. ಹತ್ತಾರು ವರ್ಷ ಗಂಟು ಇದ್ದರೂ ಯಾರಿಗೂ ತೋರಿಸದೆ ಇದ್ದವರನ್ನೂ ನೋಡಿದ್ದೇನೆ. ಈ ಎರಡೂ ಬೇಡ ಅಂತ ಹೇಳುವುದಕ್ಕೇ ಬಂದಿದ್ದೇನೆ. ಅದು ಮೊಲೆ. ಹಾಗಾಗಿ ಮೊಲೆಗೆ ಏನೇನು ಆಗುತ್ತದೋ ಅದೆಲ್ಲ ಅದಕ್ಕೂ ಆಗಬಹುದು. ಮೊಲೆಯನ್ನು ಹೇಗೆ ಗಮನಿಸುತ್ತೇವೋ ಹಾಗೇ ಅದನ್ನೂ ಗಮನಿಸಬೇಕು.

ಮೊಲೆ ಕಂಕುಳಲ್ಲಿ ಯಾಕೆ ಬರುತ್ತದೆ? ಒಂದು ಬೆರಳನ್ನು ನಿಮ್ಮ ಕಂಕುಳಿನ ಮಧ್ಯೆ ಇಟ್ಟುಕೊಳ್ಳಿ. ಅಲ್ಲಿಂದ ಎದೆಯ ಮೇಲೆ ಬಂದು, ಮೊಲೆತೊಟ್ಟನ್ನು ಹಾದು, ಹೊಟ್ಟೆಯ ಪಕ್ಕದಲ್ಲಿ ಇಳಿದು, ತೊಡೆಸಂದಿನವರೆಗೆ ಒಂದು ಗೆರೆ ಎಳೆಯಿರಿ. ನಾವೆಲ್ಲ ತಾಯಿಯ ಹೊಟ್ಟೆಯಲ್ಲಿ 5–6 ವಾರದವರಾಗಿದ್ದಾಗ, ಉದ್ದ ಒಂದು ಸೆಂಟಿಮೀಟರಿನ ಆಸುಪಾಸು ಇದ್ದಾಗ, ಈ ಗೆರೆ ನಿಜವಾಗಿಯೂ ನಮ್ಮ ಮೈಮೇಲೆ ಇತ್ತು. ಎರಡೂ ಬದಿಗೆ ಒಂದೊಂದು. ಚರ್ಮ ಸ್ವಲ್ಪ ದಪ್ಪಗಾಗಿ ಎದ್ದು ನಿಂತ ಏಣು ಅದು. ವೈದ್ಯರು ಅದನ್ನು ಹಾಲಿನ ಗೆರೆ ಅನ್ನುತ್ತಾರೆ. ಗಂಡು, ಹೆಣ್ಣು ಅಂತ ಭೇದವಿಲ್ಲ, ಎಲ್ಲರಿಗೂ ಇರುತ್ತದೆ.

ನಾಯಿ ಅಂಗಾತ ಮಲಗಿದಾಗ ನೋಡಿದ್ದೀರಲ್ಲ? ಎದೆಯಿಂದ ತೊಡೆಸಂದಿನವರೆಗೆ ಎರಡು ಸಾಲು ಮೊಲೆ. ಅದು ಅದೇ ಗೆರೆ. ಹಸುವಿನಲ್ಲಿ ಗೆರೆಯ ಹಿಂದಿನ ತುದಿ ಮಾತ್ರ ಉಳಿದು ಕೆಚ್ಚಲಾಗುತ್ತದೆ. ಆನೆಯಲ್ಲಿ ಮುಂದಿನ ಭಾಗ ಉಳಿಯುತ್ತದೆ, ಅದಕ್ಕೇ ಆನೆಯ ಮೊಲೆ ಮುಂಗಾಲುಗಳ ನಡುವೆ ಇರುವುದು. ನಮ್ಮಲ್ಲಿ ಎದೆಯ ಮೇಲಿನ ಒಂದು ಜೋಡಿ ಉಳಿದು ಮಿಕ್ಕದ್ದೆಲ್ಲ ಕರಗಿಹೋಗುತ್ತದೆ. ಕೆಲವರಲ್ಲಿ ಗೆರೆಯ ಒಂದು ತುಣುಕು ಕರಗದೆ ಕೂತುಬಿಡುತ್ತದೆ. ಆ ತುಣುಕೇ ಮುಂದೆ ಹೆಚ್ಚುವರಿ ಮೊಲೆ. ತಾಯಿ ಗರ್ಭಿಣಿಯಾಗಿದ್ದಾಗ ಏನೋ ತಪ್ಪು ಮಾಡಿದಳು ಅಂತಲ್ಲ, ಯಾರ ಶಾಪವೂ ಅಲ್ಲ. ಹಸುಗಳಲ್ಲೂ ನಾಲ್ಕರ ಜೊತೆಗೆ ಐದನೆಯ ತೊಟ್ಟು ಬರುವುದು ಹೊಸದೇನಲ್ಲ. ದನ ಸಾಕಿದವರಿಗೆ ಇದು ಚೆನ್ನಾಗಿ ಗೊತ್ತು.

ಹಾಗಾದರೆ ಇದು ಅಪರೂಪವಾ? ಅಷ್ಟೇನಲ್ಲ. ಹೆಚ್ಚುವರಿ ತೊಟ್ಟು, ಹೆಚ್ಚುವರಿ ಮೊಲೆ ಎರಡೂ ಸೇರಿಸಿದರೆ 100 ಹೆಂಗಸರಲ್ಲಿ 2ರಿಂದ 6 ಮಂದಿಗೆ, 100 ಗಂಡಸರಲ್ಲಿ 1ರಿಂದ 3 ಮಂದಿಗೆ ಇರುತ್ತದೆ ಎಂಬ ಲೆಕ್ಕವನ್ನು ವೈದ್ಯಕೀಯ ಪುಸ್ತಕಗಳು ಕೊಡುತ್ತವೆ. ಕೆಲವು ಜನಾಂಗಗಳಲ್ಲಿ ಜಾಸ್ತಿ, ಕೆಲವರಲ್ಲಿ ಕಡಿಮೆ. ಈ ಸಭೆಯಲ್ಲೇ ಕೆಲವರಿಗೆ ಇರಬಹುದು. ತಮಗಿದೆ ಅಂತ ಅವರಿಗೇ ಗೊತ್ತಿಲ್ಲದಿರಬಹುದು.

ಇದರ ರೂಪ ಒಂದೇ ಥರ ಇರುವುದಿಲ್ಲ. ಫಿನ್ಲೆಂಡಿನ ಕಯಾವ ಎಂಬ ವೈದ್ಯ 1915ರಲ್ಲಿ ಇದನ್ನು 8 ಬಗೆಯಾಗಿ ವಿಂಗಡಿಸಿದ. ಇವತ್ತಿಗೂ ವೈದ್ಯರು ಆ ಪಟ್ಟಿಯನ್ನೇ ಬಳಸುತ್ತಾರೆ. ಮೊದಲನೆಯದು ತೊಟ್ಟು, ಸುತ್ತಲ ಕಪ್ಪು ವೃತ್ತ, ಒಳಗೆ ಹಾಲಿನ ಗ್ರಂಥಿ ಮೂರೂ ಇರುವ ಪೂರ್ತಿ ಮೊಲೆ. ಕೊನೆಯದು ಬರೀ ಒಂದು ಹಿಡಿ ಕೂದಲು, ಅಷ್ಟೇ. ಎಂಟನ್ನೂ ನೀವು ಬಾಯಿಪಾಠ ಮಾಡಬೇಕಾಗಿಲ್ಲ. ಎರಡು ಬಗೆ ಗೊತ್ತಿದ್ದರೆ ಸಾಕು. ಒಂದು, ಬರೀ ತೊಟ್ಟು. ಇದು ಹೆಚ್ಚಾಗಿ ಮೊಲೆಯ ಸ್ವಲ್ಪ ಕೆಳಗೆ ಇರುತ್ತದೆ. ಎಷ್ಟೋ ಜನ ಜೀವನಪೂರ್ತಿ ಅದನ್ನು ಮಚ್ಚೆ ಅಂದುಕೊಂಡಿರುತ್ತಾರೆ. ಎರಡು, ತೊಟ್ಟಿಲ್ಲದೆ ಚರ್ಮದ ಕೆಳಗೆ ಬರೀ ಹಾಲಿನ ಗ್ರಂಥಿ. ಇದರ ಜಾಗ ಹೆಚ್ಚಾಗಿ ಕಂಕುಳು. ನಾನು ಇವತ್ತು ಮುಖ್ಯವಾಗಿ ಹೇಳುತ್ತಿರುವುದು ಈ ಎರಡನೆಯದರ ಬಗ್ಗೆ. ತೊಟ್ಟಿಲ್ಲದ ಕಾರಣ ಇದು ಮೊಲೆ ಅಂತ ಯಾರಿಗೂ ಹೊಳೆಯುವುದೇ ಇಲ್ಲ.

ಬರೀ ತೊಟ್ಟಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಯುರೋಪಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಹಿಡಿದು ಕೊಲ್ಲುತ್ತಿದ್ದ ಕಾಲವೊಂದಿತ್ತು. ಆಗ ಅವರ ಬಟ್ಟೆ ಬಿಚ್ಚಿಸಿ ಮೈಯೆಲ್ಲ ಹುಡುಕುತ್ತಿದ್ದರು. ಹೆಚ್ಚುವರಿ ತೊಟ್ಟಿನಂಥದ್ದು ಸಿಕ್ಕರೆ, ಪಿಶಾಚಿಗೆ ಹಾಲೂಡಿಸುವ ತೊಟ್ಟು ಅಂತ ಅದನ್ನೇ ಸಾಕ್ಷಿ ಮಾಡಿಕೊಳ್ಳುತ್ತಿದ್ದರು. ಹುಟ್ಟುವಾಗಲೇ ಬಂದ ಒಂದು ಚರ್ಮದ ತುಣುಕಿಗಾಗಿ ಜೀವ ಹೋಗುತ್ತಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಕಾಲ ಹೋಯಿತು. ಆದರೆ ಮೈಯ ಬಗ್ಗೆ ಬಾಯಿ ಬಿಡಲು ಹೆದರುವುದು ಇನ್ನೂ ಹೋಗಿಲ್ಲ.

ಈಗ ಕಂಕುಳಿನ ಮೊಲೆಗೆ ಬರೋಣ. ಇದು ಹುಟ್ಟಿನಿಂದಲೇ ಇದ್ದರೂ ಸುಮ್ನೆ ಮಲಗಿರುತ್ತದೆ. ಹಾರ್ಮೋನು ಬಂದಾಗ ಏಳುತ್ತದೆ. ಮೈನೆರೆಯುವ ವಯಸ್ಸಿನಲ್ಲಿ ಕೆಲವು ಹುಡುಗಿಯರಿಗೆ ಕಂಕುಳು ಉಬ್ಬಿದಂತೆ ಕಾಣುತ್ತದೆ. ತಿಂಗಳು ತಿಂಗಳು ಮುಟ್ಟಿನ ಮುಂಚೆ ನೋಯುತ್ತದೆ, ಮುಟ್ಟಾದ ಮೇಲೆ ಇಳಿಯುತ್ತದೆ. ಹೀಗೆ ತಿಂಗಳ ಲೆಕ್ಕಕ್ಕೆ ಏರಿ ಇಳಿಯುವ ಗಂಟು ಅಂದರೆ ನನಗೆ ಅರ್ಧ ಉತ್ತರ ಸಿಕ್ಕ ಹಾಗೆ. ಕೊಬ್ಬಿನ ಗಂಟಿಗೆ ತಿಂಗಳ ಲೆಕ್ಕ ಗೊತ್ತಿರುವುದಿಲ್ಲ. ಬಸುರಿನಲ್ಲಿ ಇನ್ನೂ ದೊಡ್ಡದಾಗುತ್ತದೆ. ಹೆರಿಗೆಯಾಗಿ ಎರಡರಿಂದ ಐದನೇ ದಿನದೊಳಗೆ ಎದೆಯಲ್ಲಿ ಹಾಲು ತುಂಬುವಾಗ ಇದೂ ತುಂಬಿ ಕಲ್ಲಾಗುತ್ತದೆ.

ಒಂದು ಗೊಂದಲ ಬಗೆಹರಿಸಬೇಕು. ಎಲ್ಲರ ಮೊಲೆಗೂ ಕಂಕುಳಿನ ಕಡೆಗೆ ಚಾಚಿಕೊಂಡ ಒಂದು ಬಾಲ ಇರುತ್ತದೆ. ಎಡಿನ್‌ಬರೋದ ಜೇಮ್ಸ್ ಸ್ಪೆನ್ಸ್ ಎಂಬ 19ನೇ ಶತಮಾನದ ಶಸ್ತ್ರವೈದ್ಯನ ಹೆಸರು ಅದಕ್ಕಿದೆ. ಆ ಬಾಲ ಮೊಲೆಗೆ ಅಂಟಿಕೊಂಡೇ ಇರುತ್ತದೆ. ಹೆಚ್ಚುವರಿ ಮೊಲೆ ಬೇರೆಯಾಗಿ ಕೂತಿರುತ್ತದೆ. ಕೈಯಲ್ಲಿ ಮುಟ್ಟಿ ಹೇಳುವುದು ಕೆಲವೊಮ್ಮೆ ಕಷ್ಟ, ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ.

ಮತ್ತೆ ಆ ಬಾಣಂತಿಗೆ ಏನು ಮಾಡಿದೆವು ಅಂತ ಹೇಳಬೇಕಲ್ಲ. ಹೆಚ್ಚೇನೂ ಇಲ್ಲ. ತಣ್ಣೀರು ಬಟ್ಟೆ ಇಡಿಸಿದೆವು, ನೋವಿಗೆ ಮಾತ್ರೆ ಕೊಟ್ಟೆವು, ಸಡಿಲ ರವಿಕೆ ಹಾಕಿಕೊಳ್ಳಲು ಹೇಳಿದೆವು, ಎದೆಹಾಲು ಎಂದಿನಂತೆ ಕುಡಿಸಲು ಹೇಳಿದೆವು. ಒಂದು ಮಾತನ್ನು ಮಾತ್ರ ಒತ್ತಿ ಹೇಳಿದೆ: ಹಿಂಡಬೇಡ, ಉಜ್ಜಬೇಡ, ಬಿಸಿ ಇಡಬೇಡ. ಹಿಂಡಿ ಖಾಲಿ ಮಾಡಿದರೆ ಹಗುರಾಗುತ್ತದೆ ಅಂತ ಮನೆಯವರಿಗೆಲ್ಲ ಅನಿಸುತ್ತದೆ. ಆದರೆ ಹಾಲಿನ ಗ್ರಂಥಿಯ ಕ್ರಮ ಬೇರೆ. ಖಾಲಿ ಮಾಡಿದಷ್ಟೂ ಅದು ಇನ್ನೂ ಬೇಕು ಅಂದುಕೊಂಡು ತಯಾರಿಸುತ್ತದೆ. ತುಂಬಿದ ಹಾಲು ಹಾಗೇ ನಿಂತರೆ ತಯಾರಿಕೆ ತಾನಾಗಿ ನಿಲ್ಲುತ್ತದೆ, ಇದ್ದ ಹಾಲು ಮೈಯೊಳಗೇ ಇಂಗುತ್ತದೆ. ಆಕೆ ಮನೆಗೆ ಹೋಗುವ ಹೊತ್ತಿಗೆ ಕೈ ಇಳಿಬಿಟ್ಟು ನಡೆಯುತ್ತಿದ್ದಳು. ಮುಂದಿನ ಬಾರಿ ತೋರಿಸಲು ಬಂದಾಗ ಊತ ಬಹುಪಾಲು ಇಳಿದಿತ್ತು. ಚರ್ಮ ಕೆಂಪಾದರೆ, ಚಳಿ ಜ್ವರ ಬಂದರೆ ಮಾತ್ರ ಕಾಯಬಾರದು. ಅದು ಸೋಂಕು, ಆಂಟಿಬಯೊಟಿಕ್ ಬೇಕಾಗುತ್ತದೆ.

ಎಲ್ಲರಿಗೂ ಇಷ್ಟು ಸಲೀಸಾಗಿ ಆಗುವುದಿಲ್ಲ. ಇನ್ನೊಬ್ಬ ತಾಯಿ ನನ್ನ ಹತ್ತಿರ ಬಂದಾಗ ಅವರ ಕಂಕುಳಲ್ಲಿ ಪಟ್ಟಿ ಕಟ್ಟಿತ್ತು. ಬೇರೊಂದು ಕಡೆ ಇದನ್ನು ಕೀವಿನ ಕುರು ಅಂದುಕೊಂಡು ಕುಯ್ದಿದ್ದರು. ಕೀವು ಬರಲಿಲ್ಲ, ಹಾಲು ಬಂತು. ಕುಯ್ದ ಗಾಯದಲ್ಲಿ ವಾರಗಟ್ಟಲೆ ಹಾಲು ಸೋರುತ್ತಿತ್ತು, ಗಾಯ ಮಾಯುತ್ತಲೇ ಇರಲಿಲ್ಲ. ಪಟ್ಟಿ ಒದ್ದೆ, ರವಿಕೆ ಒದ್ದೆ. ಮಗುವಿಗೆ ಹಾಲೂಡಿಸುವಾಗಲೆಲ್ಲ ಇನ್ನೂ ಜಾಸ್ತಿ. ಆ ತಾಯಿ ಅಳುತ್ತಾ, "ಹಾಲು ಬಿಡಿಸಿಬಿಡಲಾ ಡಾಕ್ಟ್ರೇ?" ಅಂತ ಕೇಳಿದ್ದು ನೆನಪಿದೆ. ಬಿಡಿಸಲಿಲ್ಲ, ನಿಧಾನಕ್ಕೆ ಮಾಯಿತು. ಕುಯ್ಯುವ ಮೊದಲು ಹತ್ತು ನಿಮಿಷದ ಒಂದು ಅಲ್ಟ್ರಾಸೌಂಡ್ ಮಾಡಿದ್ದರೆ ಇದೆಲ್ಲ ತಪ್ಪುತ್ತಿತ್ತು. ವೈದ್ಯರೂ ಮನುಷ್ಯರೇ, ಕಂಕುಳಲ್ಲಿ ಗಂಟು ಕಂಡಾಗ ಮೊದಲು ಹೊಳೆಯುವುದು ಕುರು, ಕೊಬ್ಬಿನ ಗಂಟು, ಊದಿದ ಲಿಂಫ್ ಗ್ರಂಥಿ (ಸೋಂಕಿನ ವಿರುದ್ಧ ಹೋರಾಡುವ ಸಣ್ಣ ಗ್ರಂಥಿ). ಹಾಗಾಗಿ "ಇದು ಮೊಲೆಯ ಅಂಶ ಇರಬಹುದಾ, ಸ್ಕ್ಯಾನ್ ಮಾಡಿ ನೋಡೋಣವಾ?" ಅಂತ ನೀವೇ ಕೇಳಿ. ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಹುಡುಗಿಯರದು. ಕಂಕುಳಿನ ಮುಂದೆ ಉಬ್ಬು ಕಂಡರೆ ಕೊಬ್ಬು ಅಂದುಕೊಳ್ಳುತ್ತಾರೆ. ಊಟ ಬಿಡುತ್ತಾರೆ, ವ್ಯಾಯಾಮ ಮಾಡುತ್ತಾರೆ. ಮೈಯೆಲ್ಲ ಇಳಿಯುತ್ತದೆ, ಅದೊಂದು ಇಳಿಯುವುದಿಲ್ಲ. ಕೊಬ್ಬಿನ ಪಾಲು ಎಷ್ಟಿದೆಯೋ ಅಷ್ಟು ಕಡಿಮೆಯಾಗಬಹುದು, ಆದರೆ ಗ್ರಂಥಿ ಕಸರತ್ತಿಗೆ ಕರಗುವುದಿಲ್ಲ. ತೋಳಿಲ್ಲದ ಬಟ್ಟೆ ಹಾಕಲು ಆಗದೆ, ಗೆಳತಿಯರ ಮುಂದೆ ಕೈ ಎತ್ತಲು ಆಗದೆ ಕೊರಗುವ ಆ ಮಕ್ಕಳಿಗೆ ಹೇಳುತ್ತೇನೆ, ತಪ್ಪು ನಿಮ್ಮದಲ್ಲ ಕಂದಾ.

ಈಗ ಎಲ್ಲರ ಮನಸ್ಸಿನಲ್ಲಿರುವ ಮಾತು. ಕ್ಯಾನ್ಸರ್.

ಬರಬಹುದು. ಆದರೆ ತೀರಾ ಅಪರೂಪ. 1000 ಸ್ತನ ಕ್ಯಾನ್ಸರ್‌ಗಳನ್ನು ತೆಗೆದುಕೊಂಡರೆ ಅದರಲ್ಲಿ 3ರಿಂದ 6 ಮಾತ್ರ ಹೆಚ್ಚುವರಿ ಮೊಲೆಯಲ್ಲಿ ಹುಟ್ಟಿದವು. ಅವುಗಳಲ್ಲಿ ಹೆಚ್ಚಿನವು ಕಂಕುಳಲ್ಲೇ. ಹೆಚ್ಚುವರಿ ಮೊಲೆ ಇದೆ ಅಂದಮಾತ್ರಕ್ಕೆ ಕ್ಯಾನ್ಸರ್ ಬರುತ್ತದೆ ಅಂತ ಹೆದರಿ ತೆಗೆಸಿಕೊಳ್ಳುವ ಅಗತ್ಯವಿಲ್ಲ. ತೊಂದರೆ ಇರುವುದು ಬೇರೆ ಕಡೆ. ಬಂದರೆ ತಡವಾಗಿ ಗೊತ್ತಾಗುತ್ತದೆ.

ಸುಮಾರು ಐವತ್ತೈದರ ಒಬ್ಬ ಹೆಂಗಸು. ಚೊಚ್ಚಲ ಹೆರಿಗೆಯಿಂದಲೇ ಎಡಗಂಕುಳಲ್ಲಿ ಮೆತ್ತನೆಯ ಗಂಟಿತ್ತು. "ಅದು ಯಾವಾಗಲೂ ಇರೋದೇ ಬಿಡಿ" ಅಂತ ಮನೆಯಲ್ಲೆಲ್ಲ ಅಭ್ಯಾಸವಾಗಿಬಿಟ್ಟಿತ್ತು. ಮುಟ್ಟು ನಿಂತ ಮೇಲೆ ಅದು ಚಿಕ್ಕದೂ ಆಗಿತ್ತು. ಆಮೇಲೆ ಆ ಮೆತ್ತಗಿನ ಗಂಟಿನೊಳಗೆ ಒಂದು ಗಟ್ಟಿ ಕಾಳು ಸಿಕ್ಕತೊಡಗಿತು. ನೋವಿರಲಿಲ್ಲ. ನೋವಿಲ್ಲದ್ದರಿಂದಲೇ ಒಂದು ವರ್ಷ ಸುಮ್ಮನಿದ್ದರು. ನನ್ನ ಹತ್ತಿರ ಬಂದಿದ್ದು ಬೇರೆ ಯಾವುದಕ್ಕೋ. ಮಾತು ಮುಗಿಸಿ ಎದ್ದು ಬಾಗಿಲ ಹತ್ತಿರ ಹೋದವರು ತಿರುಗಿ, "ಇನ್ನೊಂದು ಇತ್ತು, ಇರಲಿ ಬಿಡಿ, ಇನ್ನೊಂದ್ಸಲ ಬರ್ತೀನಿ" ಅಂದರು. ಕೈ ಹಿಡಿದು ಕೂರಿಸಿದೆ. ಬೆರಳಿಗೆ ಸಿಕ್ಕಿದ್ದು ಅಲುಗಾಡದ ಗಂಟು, ಮೇಲಿನ ಚರ್ಮ ಸ್ವಲ್ಪ ಒಳಕ್ಕೆ ಎಳೆದುಕೊಂಡಿತ್ತು. ಬಯಾಪ್ಸಿಯಲ್ಲಿ, ಅಂದರೆ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆಯಲ್ಲಿ, ಕ್ಯಾನ್ಸರ್ ಅಂತಲೇ ಬಂತು.

ಕಂಕುಳಲ್ಲಿ ಸ್ತನ ಕ್ಯಾನ್ಸರ್ ಸಿಕ್ಕಾಗ ವೈದ್ಯರ ಮುಂದೆ ಎರಡು ಸಾಧ್ಯತೆ ಇರುತ್ತದೆ. ಎದೆಯ ಮೊಲೆಯಲ್ಲಿ ಎಲ್ಲೋ ಅಡಗಿರುವ ಕ್ಯಾನ್ಸರ್ ಕಂಕುಳಿನ ಲಿಂಫ್ ಗ್ರಂಥಿಗೆ ಹರಡಿದ್ದಾ, ಅಥವಾ ಕಂಕುಳಿನ ಹೆಚ್ಚುವರಿ ಮೊಲೆಯಲ್ಲೇ ಹುಟ್ಟಿದ್ದಾ? ಇದು ಬಗೆಹರಿಯದೆ ಚಿಕಿತ್ಸೆ ಶುರು ಮಾಡುವ ಹಾಗಿಲ್ಲ. ಅದಕ್ಕೇ ಎರಡೂ ಎದೆಯ ಮ್ಯಾಮೊಗ್ರಾಮ್ (ಮೊಲೆಯ ಎಕ್ಸ್‌ರೇ), ಬೇಕಾದರೆ ಎಂಆರ್‌ಐ ಸ್ಕ್ಯಾನ್ ಮಾಡುತ್ತಾರೆ. ತೆಗೆದ ಗಂಟನ್ನು ಮೈಕ್ರೋಸ್ಕೋಪಿನಲ್ಲಿ ನೋಡುವವರು ಕ್ಯಾನ್ಸರಿನ ಪಕ್ಕದಲ್ಲಿ ಮಾಮೂಲಿ ಹಾಲಿನ ನಾಳಗಳು ಇವೆಯಾ ಅಂತ ಹುಡುಕುತ್ತಾರೆ. ಇದ್ದರೆ ಅದು ಅಲ್ಲೇ ಹುಟ್ಟಿದ್ದು. ಆ ಮೇಲೆ ಎಲ್ಲ ಸ್ತನ ಕ್ಯಾನ್ಸರಿನ ಹಾಗೇ: ಗಂಟು ತೆಗೆಯುವುದು, ಲಿಂಫ್ ಗ್ರಂಥಿ ನೋಡುವುದು, ಬೇಕಿದ್ದರೆ ಕೀಮೋ, ರೇಡಿಯೇಷನ್, ಹಾರ್ಮೋನ್ ಮಾತ್ರೆ. ಎದೆಯ ಮೊಲೆಯಲ್ಲಿ ಏನೂ ಇಲ್ಲ ಅಂತ ಖಾತ್ರಿಯಾದರೆ ಅದನ್ನು ತೆಗೆಯಬೇಕಾಗಿಲ್ಲ. ಆ ಹೆಂಗಸಿನದನ್ನೂ ತೆಗೆಯಲಿಲ್ಲ. ಚಿಕಿತ್ಸೆ ಮುಗಿಸಿ ಈಗ ಸರಿಯಾಗಿ ತಪಾಸಣೆಗೆ ಬರುತ್ತಾರೆ. ಆ ಒಂದು ವರ್ಷ ಮಾತ್ರ ನನ್ನನ್ನು ಈಗಲೂ ಕಾಡುತ್ತದೆ. ಗಟ್ಟಿ ಕಾಳು ಸಿಕ್ಕ ತಿಂಗಳೇ ಬಂದಿದ್ದರೆ ಚಿಕಿತ್ಸೆ ಇನ್ನೂ ಹಗುರವಾಗಿ ಮುಗಿಯಬಹುದಿತ್ತು.

ಕ್ಯಾನ್ಸರ್ ಅಲ್ಲದ ಗಂಟುಗಳೂ ಇಲ್ಲಿ ಬರುತ್ತವೆ. ನೀರುಗುಳ್ಳೆ ಬರಬಹುದು, ಚಿಕ್ಕ ವಯಸ್ಸಿನವರಲ್ಲಿ ಬೆರಳಿಗೆ ಜಾರುವ ಫೈಬ್ರೊಅಡಿನೋಮ ಬರಬಹುದು. ಕೈಗೆ ಸಿಕ್ಕ ಗಂಟು ಯಾವುದು ಅಂತ ಊಹೆ ಮಾಡುತ್ತಾ ಕೂರಬೇಡಿ. ಮೊದಲು ಅಲ್ಟ್ರಾಸೌಂಡ್, ಅನುಮಾನ ಬಂದರೆ ಸೂಜಿಯಿಂದ ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ಬಿಡಿ. ಚುಚ್ಚದೆ ಬಿಟ್ಟಿದ್ದರಿಂದ ಕೈಮೀರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮ್ಯಾಮೊಗ್ರಾಮ್ ಮಾಡಿಸುವವರು ಒಂದು ವಿಷಯ ತಿಳಿದಿರಬೇಕು. ಕಂಕುಳಿನ ಮೇಲ್ಭಾಗ ಆ ಯಂತ್ರದ ತಟ್ಟೆಗಳ ನಡುವೆ ಪೂರ್ತಿ ಬರುವುದಿಲ್ಲ. "ಮ್ಯಾಮೊಗ್ರಾಮ್ ಸರಿಯಿದೆಯಂತೆ" ಅಂದುಕೊಂಡು ಕಂಕುಳಿನ ಗಂಟನ್ನು ಮರೆಯಬಾರದು. ಪರೀಕ್ಷೆ ಮಾಡುವವರಿಗೆ ಬೆರಳಿಟ್ಟು ತೋರಿಸಿ, ಇಲ್ಲಿ ಗಂಟಿದೆ ಅಂತ.

ಆಪರೇಷನ್ ಯಾರಿಗೆ? ಪ್ರತಿ ತಿಂಗಳು ತಡೆಯಲಾಗದ ನೋವಿದ್ದರೆ, ಕೈ ಆಡಿಸಲು ಅಡ್ಡವಾದರೆ, ನೋಟದಿಂದ ಮನಸ್ಸು ಕುಗ್ಗಿದ್ದರೆ, ಅಥವಾ ಏನೆಂದು ಖಚಿತವಾಗದಿದ್ದರೆ. ನೋಟಕ್ಕಾಗಿ ತೆಗೆಸುವುದು ಶೋಕಿ ಅನ್ನುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ವರ್ಷಾನುಗಟ್ಟಲೆ ಕೈ ಎತ್ತದೆ ಬದುಕುವುದು ಸಣ್ಣ ಕಷ್ಟವಲ್ಲ. ಬಾಣಂತಿತನದಲ್ಲಿ ಅವಸರ ಬೇಡ, ಮಗುವಿಗೆ ಹಾಲು ಬಿಡಿಸಿ ಕೆಲವು ತಿಂಗಳು ಕಳೆಯಲಿ. ಆಪರೇಷನ್ ಚಿಕ್ಕದೇ, ಆದರೆ ಜಾಗ ನಾಜೂಕು. ಕಂಕುಳಿನ ಮೂಲಕ ಹಾದು ತೋಳಿನ ಒಳಬದಿಗೆ ಸ್ಪರ್ಶ ಕೊಡುವ ಒಂದು ನರವಿದೆ, ಅದಕ್ಕೆ ಪೆಟ್ಟಾದರೆ ಅಲ್ಲಿ ಜೋಮು ಉಳಿಯಬಹುದು. ಒಳಗೆ ನೀರು ತುಂಬಬಹುದು, ಕಲೆ ಉಳಿಯಬಹುದು, ಒಂದಿಷ್ಟು ಗ್ರಂಥಿ ಒಳಗೇ ಉಳಿದರೆ ಮತ್ತೆ ಊದಬಹುದು. ಬರೀ ಕೊಬ್ಬು ಹೀರುವ ಲೈಪೊಸಕ್ಷನ್‌ನಿಂದ ಗಟ್ಟಿ ಗ್ರಂಥಿ ಪೂರ್ತಿ ಬರುವುದಿಲ್ಲ. ಇದನ್ನೆಲ್ಲ ಮೊದಲೇ ಕೂತು ಕೇಳಿ ತಿಳಿದುಕೊಂಡೇ ಒಪ್ಪಿಗೆ ಕೊಡಿ. ತೆಗೆದ ತುಣುಕು ಲ್ಯಾಬಿಗೆ ಹೋಗಲೇಬೇಕು, ಅದು ಎಷ್ಟೇ ಸಾಧಾರಣವಾಗಿ ಕಾಣಲಿ.

ಮಾತು ಮುಗಿದ ಮೇಲೆ ಕೆಲವರು ಚೀಟಿಯಲ್ಲಿ ಪ್ರಶ್ನೆ ಬರೆದು ಕಳಿಸಿದರು. ಮಗಳಿಗೂ ಬರುತ್ತಾ ಅಂತ ಒಬ್ಬರು ಕೇಳಿದ್ದರು. ಕೆಲವು ಕುಟುಂಬಗಳಲ್ಲಿ ಸಾಲಾಗಿ ಕಾಣಿಸಿಕೊಂಡಿದೆ, ಆದರೆ ಹೆಚ್ಚಿನವರಲ್ಲಿ ಒಬ್ಬರಿಗೇ ಇರುತ್ತದೆ. ಗಂಡಸರಿಗೆ ಏನಾದರೂ ಆಗುತ್ತಾ? ಅವರಲ್ಲಿ ಹೆಚ್ಚಾಗಿ ಬರೀ ತೊಟ್ಟು ಇರುತ್ತದೆ, ತೊಂದರೆ ಕೊಡುವುದಿಲ್ಲ. ಅದು ಬೆಳೆದರೆ, ರಕ್ತ ಬಂದರೆ, ಕೆಳಗೆ ಗಂಟು ಸಿಕ್ಕರೆ ತೋರಿಸಬೇಕು. ಹೆಚ್ಚು ತೊಟ್ಟಿದ್ದರೆ ಕಿಡ್ನಿ ದೋಷ ಇರುತ್ತದಂತೆ, ಹೌದಾ? ಕೆಲವು ಅಧ್ಯಯನಗಳು ನಂಟಿದೆ ಅಂದಿವೆ, ಕೆಲವು ಇಲ್ಲ ಅಂದಿವೆ. ಮಗು ಬೇರೆಲ್ಲ ರೀತಿಯಲ್ಲಿ ಚೆನ್ನಾಗಿದ್ದರೆ ಅದೊಂದೇ ಕಾರಣಕ್ಕೆ ಗಾಬರಿ ಬೇಡ, ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿದರೆ ಸಾಕು.

ಕೊನೆಯ ಚೀಟಿಯಲ್ಲಿ, ಕಂಕುಳನ್ನು ನಾವೇ ಹೇಗೆ ನೋಡಿಕೊಳ್ಳುವುದು ಅಂತ ಇತ್ತು. ವೇದಿಕೆ ಮೇಲೆ ನಿಂತೇ ತೋರಿಸಿದೆ. ಹೆಚ್ಚಿನವರು ಕೈಯನ್ನು ಪೂರ್ತಿ ಮೇಲೆತ್ತಿ ಹುಡುಕುತ್ತಾರೆ. ಹಾಗೆ ಎತ್ತಿದರೆ ಚರ್ಮ ಬಿಗಿದು ಒಳಗಿನ ಗಂಟು ಅಡಗಿಬಿಡುತ್ತದೆ. ಕನ್ನಡಿಯಲ್ಲಿ ನೋಡುವಾಗ ಎತ್ತಿ, ಬೆರಳಿಟ್ಟು ನೋಡುವಾಗ ಇಳಿಸಿ. ಬಲಗೈಯನ್ನು ಮೇಜಿನ ಮೇಲೋ ಸೊಂಟದ ಮೇಲೋ ಸಡಿಲವಾಗಿ ಇಡಿ. ಎಡಗೈಯ ಮೂರು ಬೆರಳನ್ನು ಕಂಕುಳಿನ ಆಳಕ್ಕೆ ತೂರಿಸಿ, ಪಕ್ಕೆಲುಬಿಗೆ ಒತ್ತಿಕೊಂಡು ಮೆಲ್ಲಗೆ ಕೆಳಗೆ ಎಳೆಯಿರಿ. ಏನಾದರೂ ಇದ್ದರೆ ಬೆರಳಿನ ಕೆಳಗೆ ಜಾರಿ ಹೋಗುವುದು ತಿಳಿಯುತ್ತದೆ. ಆಮೇಲೆ ಇನ್ನೊಂದು ಕಡೆ. ಎರಡೂ ಒಂದೇ ಥರ ಮೆತ್ತಗಿವೆಯಾ, ಹೋದ ತಿಂಗಳಿನ ಹಾಗೇ ಇವೆಯಾ ನೋಡಿ. ಮುಟ್ಟು ನಿಂತು ಎರಡು ಮೂರು ದಿನಕ್ಕೆ ನೋಡಿಕೊಂಡರೆ ಊತ ಇಳಿದಿರುತ್ತದೆ, ಚೆನ್ನಾಗಿ ಗೊತ್ತಾಗುತ್ತದೆ. ಮುಟ್ಟು ಪೂರ್ತಿ ನಿಂತವರು ಪ್ರತಿ ತಿಂಗಳ ಒಂದನೇ ತಾರೀಖು ಇಟ್ಟುಕೊಳ್ಳಿ. ಸ್ನಾನದ ಹೊತ್ತಿಗೆ, ಸೋಪು ಹಚ್ಚಿದ ಕೈಯಲ್ಲಿ ನೋಡಿದರೆ ಇನ್ನೂ ಸುಲಭ.